ಐದು ಗಂಡು, ನಾಲ್ಕು ಹೆಣ್ಣು

ಒಂಬತ್ತು ಬಾತುಕೋಳಿಗಳ ದೆಸೆಯಿಂದ ನಮ್ಮ ಅತ್ತೆ ಮನೆಗೆ ವಾಪಸು ಬಾರದೇ ಹೋಗುವುದರಲ್ಲಿದ್ದರು. ಮೂವತ್ತೈದು ವರ್ಷ ಒಂದೇ ಸೂರಿನಡಿ ಬಾಳಿದ ಗಂಡ ಹೆಂಡಿರ ನಡುವೆ ಬಾತುಕೋಳಿ ಬಂದು ನಿಂತಿತು ಎಂದರೆ ಯಾರಾದರೂ ನಗುತ್ತಾರೆ. ನಾನೂ ಮೊದಲು ನಕ್ಕವಳೇ. ಅದರಲ್ಲಿ ನನ್ನದೂ ಒಂದು ಪಾಲಿದೆ ಎಂದು ಗೊತ್ತಾದ ಮೇಲೆ ನಗುವುದನ್ನು ನಿಲ್ಲಿಸಿದೆ.

ನಮ್ಮ ಮಾವ ಬೀದಿಯ ಕೊನೆಯಲ್ಲಿರುವ ಹಿಟ್ಟಿನ ಗಿರಣಿಯನ್ನು ಮೂವತ್ತೊಂದು ವರ್ಷದಿಂದ ನಡೆಸುತ್ತಿದ್ದಾರೆ. ಸಂಜೆ ಮನೆಗೆ ಬರುವಾಗ ಹುಬ್ಬು, ಮೀಸೆ, ಕಿವಿಯ ಮಡಿಕೆ ಎಲ್ಲ ಬೆಳ್ಳಗಾಗಿರುತ್ತವೆ. ಮಾತು ಬಹಳ ಕಡಿಮೆ. ಏನು ಹೇಳಿದರೂ ‘ಹೂಂ’, ಹೆಚ್ಚೆಂದರೆ ‘ನೋಡೋಣ’. ಅವರದು ಬಂಗಾರದಂಥ ಸ್ವಭಾವ, ಯಾರ ಮಾತಿಗೂ ಎದುರಾಡುವವರಲ್ಲ ಎಂದು ಬೀದಿಯವರೆಲ್ಲ ಹೊಗಳುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ನಾನು ಒಂದನೇ ಕ್ಲಾಸಿನ ಟೀಚರ್. ನಲವತ್ತೆಂಟು ಮಕ್ಕಳಿಗೆ ಅ ಆ ಇ ಈ ಹೇಳಿಕೊಟ್ಟೂ ಕೊಟ್ಟೂ, ಒಂದೊಂದು ಅಕ್ಷರಕ್ಕೂ ಬಾಯಿಯನ್ನು ಅಗಲ ಮಾಡಿ, ತುಟಿ ಚೂಪು ಮಾಡಿ ಮಾತಾಡುವ ಚಾಳಿ ಅಂಟಿಕೊಂಡಿದೆ. ತವರುಮನೆಯಲ್ಲಿ ಇದೊಂದು ದೊಡ್ಡ ತಮಾಷೆಯ ವಿಷಯ. ಈ ಮನೆಗೆ ಸೊಸೆಯಾಗಿ ಬಂದ ವಾರದಲ್ಲೇ ಮಾವ ಎಲ್ಲರ ಮುಂದೆ, ಈ ಹುಡುಗಿಯ ಮಾತು ಬಹಳ ಸ್ಪಷ್ಟ ಎಂದು ಹೊಗಳಿದಾಗ ನಾನು ಉಬ್ಬಿಹೋದೆ. ಹುಟ್ಟಿದಾಗಿನಿಂದ ನನ್ನ ಬಾಯಿಯನ್ನು ಹೊಗಳಿದವರು ಅವರೊಬ್ಬರೇ.

ಅತ್ತೆಯದು ತೆಳುವಾದ, ತಗ್ಗಿದ ದನಿ. ಆದರೆ ಮಾತಿಗೆ ಬಿಡುವಿಲ್ಲ. ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ ಅವರ ಪಾಡಿಗೆ ಅದು ಹರಿಯುತ್ತಲೇ ಇರುತ್ತದೆ. ಸಂಜೆ ಗಿರಣಿ ಮುಚ್ಚಿದ ಮೇಲೆ ಅವರು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಅಕ್ಕಿ ಆರಿಸುತ್ತಾ ದಿನದ ಸುದ್ದಿಯನ್ನೆಲ್ಲ ಹೇಳುವರು. ಮಾವ ಎದುರಿಗೆ ಒಂದು ಸ್ಟೂಲ್ ಹಾಕಿಕೊಂಡು ಅವರ ಮುಖವನ್ನೇ ನೋಡುತ್ತಾ ಹೂಂಗುಟ್ಟುವರು. ನನ್ನ ಗಂಡ ಎಲೆಕ್ಟ್ರಿಷಿಯನ್, ಕಟ್ಟಡದ ಕೆಲಸದ ಮೇಲೆ ಊರೂರು ತಿರುಗಿ ಭಾನುವಾರಕ್ಕೊಮ್ಮೆ ಮನೆಗೆ ಬರುವವನು. ಬಂದರೂ ಫೋನಿನಿಂದ ತಲೆ ಎತ್ತುವುದಿಲ್ಲ. ಅಪ್ಪನನ್ನು ನೋಡಿ ಕಲಿಯಬಾರದೇ ಎಂದು ಅವನಿಗೆ ಎಷ್ಟು ಸಲ ಚುಚ್ಚಿದ್ದೇನೋ ಲೆಕ್ಕವಿಲ್ಲ.

ಬಾತುಗಳು ಅತ್ತೆಯವು. ಪಕ್ಕದ ಮನೆಯ ಇಸ್ತ್ರಿ ಅಂಗಡಿಯವಳ ಕೋಳಿ ಕಾವಿಗೆ ಕೂತಿದ್ದಾಗ ಅದನ್ನು ಎರವಲು ಪಡೆದು, ಹನ್ನೆರಡು ಬಾತಿನ ಮೊಟ್ಟೆ ಇಟ್ಟು ಮರಿ ಮಾಡಿಸಿದ್ದರು. ಒಂಬತ್ತು ಉಳಿದವು. ಎಲ್ಲವೂ ಬಿಳಿ, ಎಲ್ಲಕ್ಕೂ ಕಿತ್ತಳೆ ಬಣ್ಣದ ಕೊಕ್ಕು. ಗುರುತು ಸಿಗುತ್ತಿದ್ದದ್ದು ಒಂದೇ, ಎಲ್ಲಕ್ಕಿಂತ ಸಣ್ಣದಾಗಿದ್ದ ‘ಕಡ್ಡಿ’. ಅದು ಬದುಕುವುದಿಲ್ಲವೆಂದು ಅತ್ತೆ ಅದನ್ನು ಅಡುಗೆಮನೆಯಲ್ಲೇ ಇಟ್ಟುಕೊಂಡು, ಬೆರಳ ತುದಿಯಿಂದ ನುಚ್ಚಿನ ಗಂಜಿ ತಿನ್ನಿಸಿ ದೊಡ್ಡದು ಮಾಡಿದ್ದರು.

ಎರಡು ತಿಂಗಳಾಗುವಾಗ ಬಾತುಗಳ ದನಿ ಒಡೆಯಿತು. ಹೆಣ್ಣು ಬಾತಿನ ಕೂಗು ಬೀದಿ ತುದಿಗೆ ಕೇಳುತ್ತದೆ. ಗಂಡಿನದು ಗಂಟಲು ಕಟ್ಟಿದವರ ಪಿಸುಮಾತು. ನಮ್ಮನೆಯಲ್ಲೂ ಹಾಗೇ ಅಲ್ಲವೇ ಎಂದು ಅತ್ತೆ ನನ್ನ ಕಡೆ ನೋಡಿ ನಕ್ಕರು. ಐದು ಗಂಡು, ನಾಲ್ಕು ಹೆಣ್ಣು ಎಂದು ಕಣ್ಣು ಮುಚ್ಚಿಕೊಂಡೇ ಎಣಿಸಿದರು. ಐದು ತಿಂಗಳು ತುಂಬಿದ್ದೇ ತಡ, ಹಿತ್ತಿಲಲ್ಲಿ ನೆಮ್ಮದಿ ಹೋಯಿತು. ಒಂದು ಗಂಡು ಇಳಿಯುವಷ್ಟರಲ್ಲಿ ಇನ್ನೊಂದು ಹೆಣ್ಣಿನ ಬೆನ್ನೇರುವುದು, ಕೊಕ್ಕಿನಲ್ಲಿ ಕುತ್ತಿಗೆಯ ಪುಕ್ಕ ಕಚ್ಚಿ ಹಿಡಿಯುವುದು. ಒಂದು ಗಂಡಿಗೆ ನಾಲ್ಕೈದು ಹೆಣ್ಣಿರಬೇಕು, ಇಲ್ಲಿ ಎಲ್ಲ ತಲೆಕೆಳಗಾಗಿದೆ, ಹೀಗೇ ಬಿಟ್ಟರೆ ಹೆಣ್ಣು ಒಂದೂ ಉಳಿಯುವುದಿಲ್ಲ ಎಂದು ಅತ್ತೆ ಒಂದೇ ಗಂಡನ್ನು ಇಟ್ಟುಕೊಳ್ಳಲು ತೀರ್ಮಾನಿಸಿದರು. ಊರಾಚೆ ಹೊಂಡ ತೋಡಿ ಮೀನು ಸಾಕುವವನೊಬ್ಬ ಉಳಿದ ನಾಲ್ಕನ್ನು ಒಯ್ಯಲು ಒಪ್ಪಿದ. ಭಾನುವಾರ ಬುಟ್ಟಿ ತರುತ್ತೇನೆ ಎಂದ.

ಆ ಭಾನುವಾರಕ್ಕೆ ಮೊದಲೇ, ಶನಿವಾರ ಬೆಳಿಗ್ಗೆ, ನನ್ನ ನಾದಿನಿಗೆ ದಿನ ತುಂಬುವ ಮುಂಚೆಯೇ ನೋವು ಕಾಣಿಸಿಕೊಂಡಿದೆ ಎಂದು ಫೋನು ಬಂತು. ಅತ್ತೆ ಎರಡು ಸೀರೆ ಚೀಲಕ್ಕೆ ತುರುಕಿಕೊಂಡು ಹೊರಟರು. ಮಗುವಿಗೆ ತಿಂಗಳು ತುಂಬಿದ ಕೂಡಲೇ ಬರುತ್ತೇನೆ ಎಂದರು. ಚಪ್ಪಲಿ ಮೆಟ್ಟುತ್ತಾ ಮಾವನಿಗೆ, ಗಂಡು ನಾಲ್ಕನ್ನು ಕೊಟ್ಟು ಕಳಿಸಿ, ದನಿ ಕೇಳಿದರೆ ತಿಳಿಯುತ್ತದೆ, ಕಡ್ಡಿಯ ಕಡೆ ನಿಗಾ ಇರಲಿ ಎಂದು ಹೇಳಿದರು. ಮಾವ ಹೂಂ ಅಂದರು.

ಭಾನುವಾರ ನಾನು ಗಂಡನ ಜೊತೆ ತವರಿಗೆ ಹೋಗಿದ್ದೆ. ಸಂಜೆ ಬಂದು ನೋಡಿದರೆ ಹಿತ್ತಿಲಲ್ಲಿ ಐದು ಬಾತು ಉಳಿದಿದ್ದವು. ಅಂತೂ ಒಂದು ಕೆಲಸ ಮುಗಿಯಿತು ಎಂದುಕೊಂಡೆ. ಅತ್ತೆ ಫೋನು ಮಾಡಿದರು, ನಾದಿನಿಗೆ ಹೆಣ್ಣು ಮಗುವಾದ ಸಂತೋಷವನ್ನು ಮೊದಲು ನನ್ನ ಹತ್ತಿರ ಹಂಚಿಕೊಂಡು ಆಮೇಲೆ ಫೋನನ್ನು ಮಾವನಿಗೆ ಕೊಡು ಎಂದರು. ಮಾವ ಫೋನನ್ನು ಕಿವಿಗೆ ಒತ್ತಿಕೊಂಡು ಹೂಂ ಹೂಂ ಎನ್ನುತ್ತಾ ಅಂಗಳದ ಉದ್ದಕ್ಕೂ ನಡೆದಾಡಿದರು.

ಎರಡು ವಾರ ಕಳೆಯಿತು. ಹಿತ್ತಿಲಿನ ಗಲಾಟೆ ತಗ್ಗುವ ಬದಲು ಹೆಚ್ಚಿತು. ಕಡ್ಡಿಯ ಹಿಂದಲೆ ಬೋಳಾಯಿತು. ಬೆನ್ನ ಮೇಲೆ ಅಂಗೈ ಅಗಲ ಚರ್ಮ ಕೆಂಪಗೆ ಕಿತ್ತು ಬಂದಿತ್ತು. ಮಾವ ದಿನಾ ಬೆಳಿಗ್ಗೆ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಲಾಮು ಹಚ್ಚುವರು. ಒಂದೇ ಗಂಡು ಉಳಿದಿದ್ದರೆ ಇಷ್ಟೊಂದು ಕಾಟ ಹೇಗೆ ಎಂದು ಕೇಳಿದೆ. ನೋಡೋಣ ಎಂದರು. ನಾಳೆ ಕೇಳಿದರೂ ನೋಡೋಣ, ನಾಡಿದ್ದು ಕೇಳಿದರೂ ನೋಡೋಣ. ನನಗೆ ಶಾಲೆಯ ಪರೀಕ್ಷೆಯ ಗಡಿಬಿಡಿ, ನಾನೂ ಬಗ್ಗಿ ನೋಡಲಿಲ್ಲ. ಆದರೆ ಇಸ್ತ್ರಿ ಅಂಗಡಿಯವಳು ಗೋಡೆಯ ಮೇಲಿಂದ ಎಲ್ಲವನ್ನೂ ನೋಡಿ ಅತ್ತೆಗೆ ಫೋನಿನಲ್ಲಿ ಒಪ್ಪಿಸಿದಳು. ನಿಮ್ಮವರು ಗಂಡುಗಳನ್ನು ಕಳಿಸಿಲ್ಲ, ನಿಮ್ಮ ಕಡ್ಡಿ ಸಾಯುತ್ತಿದೆ ಎಂದಳು. ಅಂದಿನಿಂದ ಅತ್ತೆಯ ಫೋನು ಗಿಡ್ಡವಾಗುತ್ತಾ ಬಂತು. ಮಗುವಿಗೆ ತಿಂಗಳು ತುಂಬಿತು, ಮೇಲೊಂದು ವಾರವೂ ಆಯಿತು. ಬರುವ ಮಾತೇ ಇಲ್ಲ.

ಹೀಗಿರುವಾಗ ಮೀನಿನ ಹೊಂಡದವನು ಒಂದು ಬೆಳಿಗ್ಗೆ ಬಂದು, ಟವೆಲಿನ ಗಂಟು ಬಿಚ್ಚಿ ಎರಡು ಮೊಟ್ಟೆ ತೋರಿಸಿದ.

“ನಿಮ್ಮ ಗಂಡುಗಳು ಮೊಟ್ಟೆ ಇಡ್ತಿದಾವೆ ಅಕ್ಕ,” ಎಂದ. “ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋನಲ್ಲ ನಾನು. ಕೊಟ್ಟಿದ್ದರಲ್ಲಿ ಎರಡು ಹೆಣ್ಣು.”

ನಾನು ಅಲ್ಲೇ ಲೆಕ್ಕ ಹಾಕಿದೆ. ಹೋದದ್ದು ಎರಡು ಗಂಡು, ಎರಡು ಹೆಣ್ಣು. ಅಂದರೆ ನಮ್ಮ ಹಿತ್ತಿಲಲ್ಲಿ ಉಳಿದ ಎರಡು ಹೆಣ್ಣಿನ ಮೇಲೆ ಮೂರು ಗಂಡು. ಮೊದಲಿಗಿಂತ ಕೇಡು. ಅವನು ಇದನ್ನೇ ಮಾವನಿಗೂ ಹೇಳಿದ. ಅವನು ಮಾತಾಡುವುದೇ ಮೀಸೆಯೊಳಗೆ. ಮಾವ ನಗುತ್ತಾ, ಹೂಂ, ಒಳ್ಳೇದಾಯ್ತು ಎಂದು ಸೈಕಲ್ ಹತ್ತಿ ಗಿರಣಿಗೆ ಹೋದರು. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ನನಗೆ ಮೈಯೆಲ್ಲ ಉರಿಯಿತು. ಹೆಂಡತಿ ಹೇಳಿ ಹೋದ ಒಂದೇ ಒಂದು ಕೆಲಸವನ್ನು ಕೆಡಿಸಿ ಒಳ್ಳೇದಾಯ್ತು ಅನ್ನುವವರದು ಬಂಗಾರದ ಸ್ವಭಾವವಲ್ಲ, ಕಲ್ಲಿನ ಸ್ವಭಾವ ಎಂದುಕೊಂಡೆ.

ಮರುದಿನ ಗಿರಣಿಗೆ ರಜೆ. ಶಾಲೆಯಿಂದ ಬಂದವಳು ಬೀದಿಯಲ್ಲಿರುವಾಗಲೇ ಬಾತಿನ ಕಿರುಚಾಟ ಕೇಳಿ ಹಿತ್ತಿಲಿಗೆ ಓಡಿದೆ. ಸಿಮೆಂಟಿನ ತೊಟ್ಟಿಯ ನೀರಿನಲ್ಲಿ ಮೂರು ಗಂಡುಗಳು ಒಂದರ ಮೇಲೊಂದು ಬಿದ್ದಿದ್ದವು. ಅವುಗಳ ಅಡಿಯಲ್ಲಿ ಕಡ್ಡಿಯ ಒಂದು ರೆಕ್ಕೆ ಮಾತ್ರ ಕಾಣುತ್ತಿತ್ತು. ಇನ್ನೊಂದು ಹೆಣ್ಣು ಕಟ್ಟೆಯ ಮೇಲೆ ನಿಂತು ಗಂಟಲು ಹರಿಯುವ ಹಾಗೆ ಕೂಗುತ್ತಿತ್ತು. ಹತ್ತು ಹೆಜ್ಜೆ ಆಚೆ ಮಾವ ನಮಗೆ ಬೆನ್ನು ಹಾಕಿ, ನಿಧಾನವಾಗಿ, ನೆಲ ಗುಡಿಸುತ್ತಿದ್ದರು.

“ಮಾವ, ಇಲ್ಲಿ ಸಾಯ್ತಿದೆ!” ಎಂದು ಕಿರುಚಿದೆ. ತಿರುಗಲಿಲ್ಲ. ತೊಟ್ಟಿಗೆ ಕೈ ಹಾಕಿ ಗಂಡುಗಳನ್ನು ತಳ್ಳಿ ಕಡ್ಡಿಯನ್ನು ಎಳೆದುಕೊಂಡೆ. ಸಿಟ್ಟಿನಲ್ಲಿ ಬಾಯಿಗೆ ಬಂದದ್ದನ್ನೆಲ್ಲ ಅವರ ಬೆನ್ನಿಗೆ ಹೇಳಿಬಿಟ್ಟೆ. ನಿಮ್ಮಂಥ ಕಲ್ಲು ಮನುಷ್ಯನನ್ನು ನೋಡಿಲ್ಲ, ಅತ್ತೆ ಬಾರದೇ ಇರುವುದೇ ಸರಿ ಎಂದೂ ಹೇಳಿದೆ. ಪೊರಕೆ ಅದೇ ಲಯದಲ್ಲಿ ಆಡುತ್ತಲೇ ಇತ್ತು. ಆಗ ನನ್ನ ಬಾಯಿ ತಾನಾಗಿ ನಿಂತಿತು. ತೊಟ್ಟಿಯಿಂದ ಚೆಲ್ಲಿದ ನೀರು ಹರಿದು ಅವರ ಹಿಮ್ಮಡಿ ಮುಟ್ಟಿದಾಗ ಅವರು ತಿರುಗಿದರು. ನನ್ನ ಒದ್ದೆ ಸೀರೆ, ಕೈಯಲ್ಲಿ ಜೋಲುತ್ತಿದ್ದ ಬಾತು, ನನ್ನ ಮುಖ ಎಲ್ಲವನ್ನೂ ನೋಡಿ ಪೊರಕೆ ಕೆಳಗಿಟ್ಟರು.

“ಕೂಗಿದ್ಯಾ?” ಎಂದು ಕೇಳಿದರು.

ನಾನು ತಲೆಯಾಡಿಸಿದೆ. ಮಾವ ಮೆಟ್ಟಿಲ ಮೇಲೆ ಕೂತರು. ಕಡ್ಡಿಯನ್ನು ನನ್ನಿಂದ ತೆಗೆದುಕೊಂಡು ಟವೆಲಿನಲ್ಲಿ ಸುತ್ತಿ, ಅದು ಕೆಮ್ಮಿ ನೀರು ಕಕ್ಕುವ ತನಕ ಬೆನ್ನು ನೀವಿದರು. ಆಮೇಲೆ ಅದರ ಕಡೆಯೇ ನೋಡುತ್ತಾ, “ನನಗೆ ಕೇಳಿಸಲ್ಲ ಕಣಮ್ಮ. ನಾಲ್ಕು ವರ್ಷ ಆಯ್ತು,” ಎಂದರು.

ಒಂದು ಸಲ ಬಾಯಿ ಬಿಟ್ಟ ಮೇಲೆ ಅವರೇ ಎಲ್ಲವನ್ನೂ ಹೇಳಿದರು. ಗಿರಣಿಯ ಸದ್ದು ಮೊದಲು ಹಕ್ಕಿಗಳ ದನಿಯನ್ನು ತಿಂದಿತಂತೆ, ಆಮೇಲೆ ಹೆಂಗಸರ ದನಿ, ಆಮೇಲೆ ಎಲ್ಲವನ್ನೂ. ಗಿರಣಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ, ಏಕೆಂದರೆ ಅಲ್ಲಿ ಕಿವಿ ಚೆನ್ನಾಗಿರುವವರೂ ಕೈಸನ್ನೆಯಲ್ಲೇ ಮಾತಾಡುವುದು. ನುಣ್ಣಗೋ ತರಿಯೋ ಎಂದು ಹೆಬ್ಬೆರಳು ತೋರುಬೆರಳು ಉಜ್ಜಿ ತೋರಿಸಿದರೆ ಮುಗಿಯಿತು. ಕಲ್ಲು ಖಾಲಿ ತಿರುಗುತ್ತಿದೆಯೋ, ಬೆಲ್ಟು ಜಾರುತ್ತಿದೆಯೋ ಅವರು ಯಂತ್ರದ ಮೈ ಮೇಲೆ ಅಂಗೈ ಇಟ್ಟು ತಿಳಿಯುತ್ತಿದ್ದರು. ಮನೆಯಲ್ಲಿ ತುಟಿ ನೋಡಿ ಅರ್ಧ, ಊಹೆಯಲ್ಲಿ ಅರ್ಧ. ನನ್ನ ಮಾತು ಸ್ಪಷ್ಟ ಎಂದು ಹೊಗಳಿದ್ದು ಯಾಕೆಂದು ಆಗ ಅರ್ಥವಾಯಿತು. ಫೋನಿನಲ್ಲಿ ತುಟಿ ಕಾಣುವುದಿಲ್ಲ. ಹಾಗಾಗಿ ಬರೀ ಹೂಂ.

ಅತ್ತೆಗೆ ಗೊತ್ತಿದೆಯಾ ಎಂದು ಕೇಳಿದೆ. ಇಲ್ಲವೆಂದು ಕೈ ಅಲ್ಲಾಡಿಸಿದರು.

“ಗೊತ್ತಾದ್ರೆ ಮಾತಾಡೋದು ಬಿಟ್ಟುಬಿಡ್ತಾಳೆ. ಕಿವುಡನ ಮುಂದೆ ಯಾರು ದಿನಾ ಸಂಜೆ ಕೂತ್ಕೊಂಡು ಮಾತಾಡ್ತಾರೆ? ಬೇಕಾದ್ದಷ್ಟೇ ಹೇಳ್ತಾರೆ. ಊಟ ಮಾಡಿ, ಬಾಗಿಲು ಹಾಕಿ, ಅಷ್ಟೇ.”

ನನಗೆ ಅಳು ಬಂತು. ಅವರು ನೋಡಬಾರದೆಂದು ಸೆರಗಿನಲ್ಲಿ ಮುಖದ ನೀರು ಒರೆಸಿಕೊಳ್ಳುವವಳಂತೆ ಮಾಡಿದೆ. ಮಾತು ಬದಲಿಸಲು, ಹಾಗಾದರೆ ಆ ಭಾನುವಾರ ಗಂಡುಗಳನ್ನು ಹೇಗೆ ಆರಿಸಿದಿರಿ ಎಂದು ಕೇಳಿದೆ. ಗಂಡಿಗೆ ಬಾಲದ ಮೇಲೆ ಎರಡು ಮೂರು ಸುರುಳಿ ಪುಕ್ಕ ಇರುತ್ತವೆ, ಹೆಣ್ಣಿಗೆ ಇರುವುದಿಲ್ಲ, ಅದನ್ನು ನೋಡಿ ಕೊಡೋಣ ಅಂತ ಧೈರ್ಯವಾಗಿದ್ದೆ ಎಂದರು. ಆದರೆ ಅಂದು ನೋಡಿದರೆ ಒಂಬತ್ತರಲ್ಲಿ ಒಂದಕ್ಕೂ ಸುರುಳಿ ಇಲ್ಲ! ಯಾರನ್ನಾದರೂ ಕೇಳಿದರೆ, ದನಿ ಕೇಳಿ ನೋಡಿ ಎನ್ನುತ್ತಾರೆ. ಅದಕ್ಕೇ ಕಡ್ಡಿಯನ್ನು ಬಿಟ್ಟು, ದಪ್ಪಗಿದ್ದ ನಾಲ್ಕನ್ನು ಹಿಡಿದು ಕೊಟ್ಟುಬಿಟ್ಟರಂತೆ.

ಆ ಸುರುಳಿಗಳನ್ನು ಕಿತ್ತವಳು ನಾನು. ಭಾನುವಾರದ ಹಿಂದಿನ ದಿನ ಸಂಜೆ, ಮಕ್ಕಳಿಗೆ ಕಾಗದದ ಹಕ್ಕಿ ಮಾಡಿಸಲು ಪುಕ್ಕ ಬೇಕಿತ್ತು. ಕೆಲವು ಬಾತುಗಳ ಬಾಲದ ಮೇಲೆ ಗುಂಗುರು ಕೂದಲಿನ ಹಾಗೆ ಚೆಂದಕ್ಕೆ ಸುತ್ತಿಕೊಂಡಿದ್ದವು. ಗೂಡಿನಲ್ಲಿ ಮಲಗಿದ್ದವನ್ನು ಒಂದೊಂದಾಗಿ ಹಿಡಿದು ಎಲ್ಲವನ್ನೂ ಕಿತ್ತು ಡಬ್ಬಿಗೆ ತುಂಬಿಕೊಂಡೆ. ಅದು ಗಂಡಿನ ಗುರುತು ಎಂದು ನನಗೇನು ಗೊತ್ತು. ಪುಕ್ಕ ಹೋದ ಮೇಲೆ, ಹೊಸವು ಇನ್ನೂ ಸುರುಳಿಯಾಗದೆ, ಯಾವುದರದು ಕಿತ್ತೆ ಎಂದು ನನಗೂ ಹೇಳಲು ಬಾರದು. ಇಡೀ ತಿಂಗಳು ಇವರ ಮೇಲೆ ಸಿಟ್ಟಾಗಿದ್ದವಳು ನಾನು, ನನ್ನ ಕ್ಲಾಸಿನ ಗೋಡೆಯ ಮೇಲೆ ಹದಿನಾಲ್ಕು ಹಕ್ಕಿಗಳಿಗೆ ಬಾಲ ಅಂಟಿಸಿದ್ದವಳೂ ನಾನೇ.

ಒಂದೊಂದು ಅಕ್ಷರವನ್ನೂ ಬಿಡಿಸಿ ಅವರಿಗೆ ಹೇಳಿದೆ. ಮಾವ ನನ್ನ ತುಟಿಯನ್ನೇ ನೋಡುತ್ತಿದ್ದರು. ಬೈಯುತ್ತಾರೆ ಎಂದುಕೊಂಡೆ. ಅವರ ಭುಜ ಕುಣಿಯತೊಡಗಿತು, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಇಬ್ಬರೂ ಸೇರಿ ಕೆಡಿಸಿದೆವು, ಇಬ್ಬರೂ ಸೇರಿಯೇ ಸರಿ ಮಾಡೋಣ ಎಂದರು.

ಅಂದು ಕಡ್ಡಿಯನ್ನು ಅಡುಗೆಮನೆಯಲ್ಲಿ ಬುಟ್ಟಿ ಕವುಚಿ ಕೂಡಿಟ್ಟೆವು. ಮರುದಿನ ಬೆಳಿಗ್ಗೆ ನಾನು ಶಾಲೆಗೆ ರಜೆ ಹಾಕಿದೆ, ಮಾವ ಗಿರಣಿ ತೆರೆಯಲಿಲ್ಲ, ಇಬ್ಬರೂ ಉಳಿದ ನಾಲ್ಕನ್ನು ವಿಂಗಡಿಸಲು ಕೂತೆವು. ನಾನು ಕೇಳಿ ಹೇಳುವುದು, ಅವರು ಹಿಡಿಯುವುದು ಎಂದು ಮಾತಾಯಿತು. ಆದರೆ ಬಾತುಗಳು ಒಂದೊಂದಾಗಿ ಕೂಗುವ ಸಭ್ಯರಲ್ಲ. ಒಂದನ್ನು ಹಿಡಿದರೆ ಎಲ್ಲವೂ ಒಟ್ಟಿಗೇ ಬೊಬ್ಬೆ ಹೊಡೆದವು, ಯಾವ ದನಿ ಯಾವ ಕೊಕ್ಕಿನದು ಎಂದು ನನ್ನ ಎರಡು ಕಿವಿಗೂ ತಿಳಿಯಲಿಲ್ಲ. ಮಾವ ಕೈಯಲ್ಲಿದ್ದ ಬಾತನ್ನು ಕಂಕುಳಲ್ಲಿ ಅವುಚಿಕೊಂಡು, ಗಿರಣಿಯಲ್ಲಿ ಯಂತ್ರದ ಮೈ ಮುಟ್ಟುವ ಹಾಗೆ ಅದರ ಎದೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತು ಹಾಗೇ ಇದ್ದು, “ಇದು ಗಂಡು,” ಎಂದರು. “ಸುಮ್ನೆ ಗೊರಗೊರ ಅನ್ನತ್ತೆ.” ಇನ್ನೊಂದನ್ನು ಎತ್ತಿಕೊಂಡರು. ಅದು ಬಾಯಿ ತೆರೆದ ಕೂಡಲೇ ಅವರ ಕೈ ಅದುರಿದ್ದು ನನಗೇ ಕಾಣಿಸಿತು. “ಇದು ಹೆಣ್ಣು. ಒದೀತದೆ.”

ಒಂದೊಂದನ್ನೇ ಒಳಗೆ ಒಯ್ದು, ಬಾಗಿಲು ಹಾಕಿಕೊಂಡು ನಾನು ಕಿವಿಗೊಟ್ಟು ಪರೀಕ್ಷಿಸಿದೆ. ನಾಲ್ಕಕ್ಕೆ ನಾಲ್ಕೂ ಸರಿ. ಎರಡು ಗಂಡುಗಳನ್ನು ಬುಟ್ಟಿಗೆ ಹಾಕಿಕೊಂಡು ಮೀನಿನ ಹೊಂಡಕ್ಕೆ ಹೋದೆವು. ಅಲ್ಲಿಯೂ ಮಾವ ಅಂಗೈ ಇಟ್ಟೇ ನಮ್ಮ ಎರಡು ಹೆಣ್ಣುಗಳನ್ನು ಆರಿಸಿ ತಂದರು. ಹೊಂಡದವನು ಇದ್ಯಾವ ವಿದ್ಯೆ ಎಂದು ಬಾಯಿ ಬಿಟ್ಟುಕೊಂಡು ನೋಡಿದ. ಮಧ್ಯಾಹ್ನದೊಳಗೆ ನಮ್ಮ ಹಿತ್ತಿಲಲ್ಲಿ ನಾಲ್ಕು ಹೆಣ್ಣು, ಒಂದು ಗಂಡು. ಆ ಒಂಟಿ ಗಂಡು ಏನೂ ಆಗಿಯೇ ಇಲ್ಲವೆಂಬಂತೆ ಮರ್ಯಾದಸ್ಥನಾಗಿ ತೊಟ್ಟಿಯ ಸುತ್ತ ಓಡಾಡಿಕೊಂಡಿತ್ತು.

ಬಾತಿನ ಲೆಕ್ಕವೇನೋ ಸರಿಯಾಯಿತು, ಅತ್ತೆಯದು ಬಾಕಿ ಇತ್ತು. ಆ ಸಂಜೆ ಅವರ ಫೋನು ಬಂತು. ಯಾವಾಗ ಬರುತ್ತೀರಿ ಎಂದು ನೇರವಾಗಿಯೇ ಕೇಳಿದೆ.

“ನಾನು ಬರಬೇಕು ಅಂತ ಅಲ್ಲಿ ಯಾರಿಗಿದೆ?” ಎಂದರು. “ನಾಲ್ಕು ಬಾತು ಕಳಿಸಿ ಅಂದೆ, ಅಷ್ಟು ಮಾತಿಗೂ ಬೆಲೆ ಇಲ್ಲ. ಮೊನ್ನೆ ನಿಮ್ಮ ಮಾವನ್ನ ಕೇಳ್ದೆ, ನಾನು ಇಲ್ಲೇ ಇದ್ದುಬಿಡ್ಲಾ ಅಂತ. ಹೂಂ ಅಂದ್ರು. ಸರಿಯಾಗಿ ಕೇಳಿಸಿಕೊಳ್ಳದೆ ಅಂದಿರ್ಬೇಕು ಅಂತ ಮತ್ತೆ ಕೇಳ್ದೆ. ಆಗಲೂ ಹೂಂ ಅಂದ್ರು.”

ಮಾವ ನನ್ನೆದುರಿಗೇ ನಿಂತು, ಏನಂತೆ, ಏನಂತೆ ಎಂದು ಕಣ್ಣಲ್ಲೇ ಕೇಳುತ್ತಿದ್ದರು. ಏನಾದರೊಂದು ಸುಳ್ಳು ಹೇಳಿ ತೇಪೆ ಹಚ್ಚಬಹುದಿತ್ತು. ಅದೇ ನಾಲ್ಕು ವರ್ಷ ನಡೆದದ್ದು. ನಾನು ಅತ್ತೆಯ ಮಾತನ್ನು ಒಂದಕ್ಷರ ಬಿಡದೆ, ಅಗಲ ಬಾಯಿಯಲ್ಲಿ, ಅವರಿಗೆ ಹೇಳಿದೆ. ಇಲ್ಲೇ ಇದ್ದುಬಿಡ್ಲಾ ಎನ್ನುವಲ್ಲಿ ಅವರ ಮುಖದಲ್ಲಿದ್ದ ರಕ್ತವೆಲ್ಲ ಇಳಿದುಹೋಯಿತು. ಆಮೇಲೆ ನನ್ನ ಕೈಯಿಂದ ಫೋನು ಕಿತ್ತುಕೊಂಡರು.

“ನೋಡೇ, ಮೊನ್ನೆ ನೀನು ಏನು ಕೇಳಿದ್ಯೋ ನನಗೆ ಗೊತ್ತಾಗ್ಲಿಲ್ಲ,” ಎಂದು ಗಿರಣಿಯಲ್ಲಿ ಕೂಗುವ ಹಾಗೆ ಕೂಗಿದರು. “ನನಗೆ ಕೇಳಿಸಲ್ಲ. ನಾಲ್ಕು ವರ್ಷದಿಂದ ಏನೂ ಕೇಳಿಸಲ್ಲ. ಭಯ ಆಗಿ ಹೇಳಲಿಲ್ಲ. ಅದಕ್ಕೇ ಹೂಂ ಅಂದೆ. ನೀನು ಅಲ್ಲಿರಬೇಡ, ಬಾ.”

ಇಸ್ತ್ರಿ ಅಂಗಡಿಯವಳ ಮನೆಯ ಕಿಟಕಿ ತೆರೆದುಕೊಂಡಿತು. ಮಾವನಿಗೆ ಅದರ ಪರಿವೆ ಇರಲಿಲ್ಲ. ಅವರು ಫೋನನ್ನು ಇನ್ನೂ ಕಿವಿಗೆ ಒತ್ತಿ ಹಿಡಿದೇ ನನ್ನ ಕಡೆ ನೋಡಿದರು. ನಾನು ಮೆಲ್ಲಗೆ ಅದನ್ನು ತೆಗೆದುಕೊಂಡು ನನ್ನ ಕಿವಿಗಿಟ್ಟುಕೊಂಡೆ. ಆಚೆಯಿಂದ ಮಗು ಅಳುವ ಸದ್ದು ಕೇಳಿತು. ಆಮೇಲೆ ಅತ್ತೆಯ ಆ ತೆಳ್ಳನೆಯ ದನಿ ಬಂತು.

“ಹಾಗಾದ್ರೆ ಇಷ್ಟು ವರ್ಷ ನಾನು ಯಾರ ಜೊತೆ ಮಾತಾಡ್ತಿದ್ದೆ, ಕೇಳು ಅವರನ್ನ.”

ಕೇಳಿದೆ. ಮಾವ ನನ್ನ ತುಟಿಯಿಂದ ಕಣ್ಣು ತೆಗೆದು ಫೋನಿನ ಕಡೆ ನೋಡಿದರು.

“ನನ್ನ ಜೊತೇನೇ ಅಂತ ಹೇಳು,” ಎಂದರು. “ದಿನಾ ಸಂಜೆ ನೋಡ್ತಾ ಕೂತಿರ್ತಿದ್ದೆನಲ್ಲ.”

ನಾನು ಹೇಳಿದೆ. ಮರುದಿನ ಹನ್ನೊಂದು ಗಂಟೆಯ ಬಸ್ಸಿಗೆ ಅತ್ತೆ ಬಂದು ಇಳಿದರು.